ಬೀಗ ಬಿದ್ದ ದನಿ: ಹಳೆಯ ಕಾರಿಗೊಂದು ಹಳೆಯ ರೇಡಿಯೊ

ವಸ್ತುಗಳಿಗೂ ಒಂದು ಉದ್ದೇಶವಿದೆ ಎಂಬುದನ್ನು ಗುರುಮಠದ ತತ್ತ್ವಶಾಸ್ತ್ರದ ತರಗತಿಯಲ್ಲಿ ನಾವು ಮೊದಲು ಕಲಿತೆವು. ಅರಿಸ್ಟಾಟಲನ ಪ್ರಕಾರ ಯಾವ ವಸ್ತುವನ್ನು ಅರಿಯಬೇಕಾದರೂ ಅದು ಯಾವುದರಿಂದ ಆಯಿತು, ಯಾವ ರೂಪ ತಾಳಿತು, ಯಾರಿಂದ ಆಯಿತು, ಯಾತಕ್ಕಾಗಿ ಆಯಿತು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಹಳೆಯ ಕಾರಿನ ರೇಡಿಯೊ ಒಂದನ್ನು ಮುಂದಿಟ್ಟುಕೊಂಡು ಈ ಪಾಠವನ್ನು ಮತ್ತೊಮ್ಮೆ ಓದುವ ಪ್ರಸಂಗ ನಮಗೆ ಈಚೆಗೆ ಒದಗಿತು. ಅಲ್ಲಿ ಐದನೆಯ ಪ್ರಶ್ನೆಯೊಂದು ನಮಗೆ ಎದುರಾಯಿತು: ಇದು ಯಾರದು?

ತೆನೆ ಹಬ್ಬದ ನವದಿನಗಳ ಪ್ರಾರ್ಥನೆ ನಡೆಯುತ್ತಿದ್ದ ಒಂದು ಸಂಜೆ. ಮಕ್ಕಳೆಲ್ಲ ಮಾತೆ ಮರಿಯಳಿಗೆ ಹೂವು ಅರ್ಪಿಸಿ ಮನೆಗೆ ಹೊರಟಿದ್ದರು. ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಬಟ್ಟೆಯ ಚೀಲದಲ್ಲಿ ಏನನ್ನೋ ಹಿಡಿದು ವಸತಿಯ ಮೆಟ್ಟಿಲ ಬಳಿ ನಿಂತಿದ್ದನು. ಅವನ ತಂದೆ ಗಲ್ಫ್ ದೇಶದಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಮರಳಿದಾಗ ಕೊಂಡ ಕಾರು ಅವರ ಮನೆಯ ಅಂಗಳದಲ್ಲಿತ್ತು. ತಂದೆ ಕಾಯಿಲೆ ಬಿದ್ದ ಮೇಲೆ ಅದನ್ನು ಓಡಿಸುವವರಿರಲಿಲ್ಲ. ಅವರು ತೀರಿಕೊಂಡ ವರ್ಷ ಆಟಿಯ ಮಳೆ ಗಾಜಿನ ರಬ್ಬರಿನ ಸಂದಿಯಿಂದ ಒಳಗಿಳಿದು ಡ್ಯಾಶ್‌ಬೋರ್ಡಿನ ರೇಡಿಯೊವನ್ನು ಕೆಡಿಸಿತ್ತು. ಮಗ ಕಾರನ್ನು ದುರಸ್ತಿ ಮಾಡಿಸಿ, ಹದಿನೈದು ವರ್ಷ ಕಳೆದಿದ್ದ ಅದರ ನೋಂದಣಿಯನ್ನು ನವೀಕರಿಸಿಕೊಂಡಿದ್ದನು. ಉಳಿದದ್ದು ರೇಡಿಯೊ ಮಾತ್ರ.

"ಹೊಸದು, ದೊಡ್ಡ ಪರದೆಯದ್ದು ಹಾಕಿಸುವಾ ಅಂದೆ ಫಾದರ್. ಅಮ್ಮ ಒಪ್ಪುವುದಿಲ್ಲ. ಅಪ್ಪನ ಕಾರಿನಲ್ಲಿ ಇದ್ದಂಥದ್ದೇ ಇರಲಿ ಅನ್ನುತ್ತಾರೆ" ಎಂದು ಹೇಳಿ ಅವನು ಚೀಲವನ್ನು ಬಿಚ್ಚಿದನು. ಗುಜರಿ ಅಂಗಡಿಯೊಂದರಿಂದ ತಂದ, ಅದೇ ಮಾದರಿಯ ಕಂಪನಿ ರೇಡಿಯೊ ಅದು. ಕೂಡಿಸಿದರೆ ಸರಿಯಾಗಿ ಕೂರುತ್ತದೆ, ದೀಪವೂ ಹೊತ್ತುತ್ತದೆ. ಆದರೆ ಪರದೆಯ ಮೇಲೆ 'ಕೋಡ್' ಎಂಬ ಒಂದೇ ಪದ. ಸದ್ದಿಲ್ಲ. ಅಂಗಡಿಯವನು ಐನೂರು ರೂಪಾಯಿ ಕೊಟ್ಟರೆ ಅದನ್ನು ಬಿಡಿಸಿ ಕೊಡುವುದಾಗಿ ಹೇಳಿದ್ದನಂತೆ. "ಮಾಡಿಸಬಹುದಾ ಫಾದರ್?" ಎಂಬುದು ಅವನ ಪ್ರಶ್ನೆ. ನಾವು ರೇಡಿಯೊಗಳ ಹೊಟ್ಟೆ ಬಿಚ್ಚಿ ನೋಡುವ ಹಳೆಯ ಚಟದವರೆಂದು ಊರಿನಲ್ಲಿ ಕೆಲವರಿಗೆ ತಿಳಿದಿದೆ. ಅವನು ಕೇಳಿದ್ದು ತಂತ್ರದ ಪ್ರಶ್ನೆಯೋ ಧರ್ಮದ ಪ್ರಶ್ನೆಯೋ ಎಂಬುದು ಆ ಕ್ಷಣದಲ್ಲಿ ನಮಗೆ ಸ್ಪಷ್ಟವಾಗಲಿಲ್ಲ. ಬಹುಶಃ ಅವನಿಗೂ ಆಗಿರಲಿಲ್ಲ.

ವಾಹನ ಮತ್ತು ರೇಡಿಯೊಗಳ ಸಂಬಂಧ ತೊಂಬತ್ತು ವರ್ಷಗಳಿಗೂ ಮೀರಿದ್ದು. 1930ರಲ್ಲಿ ಅಮೆರಿಕದ ಗಾಲ್ವಿನ್ ಸಂಸ್ಥೆಯು 'ಮೊಟೊರೋಲಾ' ಎಂಬ ಹೆಸರಿನಲ್ಲಿ ಕಾರಿನ ರೇಡಿಯೊವನ್ನು ಮಾರುಕಟ್ಟೆಗೆ ತಂದಿತು. 1932ರಲ್ಲಿ ಜರ್ಮನಿಯಲ್ಲಿ ಬ್ಲಾಪುಂಕ್ಟ್ ಹೆಸರಿನ ಕಾರು ರೇಡಿಯೊ ಬಂದಿತು. 1952ರಲ್ಲಿ ಅದೇ ಸಂಸ್ಥೆಯು ಎಫ್.ಎಂ. ತರಂಗಗಳನ್ನು ಹಿಡಿಯುವ ಕಾರು ರೇಡಿಯೊವನ್ನು ಹೊರತಂದಿತು. ಆರಂಭದ ಸೆಟ್ಟುಗಳು ಕವಾಟಗಳಿಂದ, ಅಂದರೆ ವಾಲ್ವ್‌ಗಳಿಂದ ನಡೆಯುತ್ತಿದ್ದವು. ಬ್ಯಾಟರಿಯ ಆರು ಅಥವಾ ಹನ್ನೆರಡು ವೋಲ್ಟ್ ವಿದ್ಯುತ್ತನ್ನು 'ವೈಬ್ರೇಟರ್' ಎಂಬ ನಡುಗುವ ಉಪಕರಣದ ನೆರವಿನಿಂದ ನೂರಾರು ವೋಲ್ಟ್‌ಗೆ ಏರಿಸಿದ ಮೇಲೆಯೇ ಅವುಗಳಲ್ಲಿ ಅನೇಕವು ಮಾತನಾಡುತ್ತಿದ್ದವು.

ಇದೇ ಕಾಲದಲ್ಲಿ, 1931ರ ಫೆಬ್ರವರಿ 12ರಂದು, ಜಗದ್ಗುರು ಹನ್ನೊಂದನೆಯ ಪಿಯುಸ್ ಅವರು ಮಾರ್ಕೋನಿ ನಿರ್ಮಿಸಿಕೊಟ್ಟ ವ್ಯಾಟಿಕನ್ ಬಾನುಲಿಯನ್ನು ಉದ್ಘಾಟಿಸಿ ಲ್ಯಾಟಿನ್ ಭಾಷೆಯಲ್ಲಿ ಲೋಕಕ್ಕೆ ಸಂದೇಶ ನೀಡಿದರು. 1951ರಲ್ಲಿ ಹನ್ನೆರಡನೆಯ ಪಿಯುಸ್ ಅವರು ದೇವದೂತ ಸಂತ ಗಬ್ರಿಯೇಲರನ್ನು ದೂರಸಂಪರ್ಕ ಕ್ಷೇತ್ರದವರ ಪಾಲಕರೆಂದು ಘೋಷಿಸಿದರು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಸಂಪರ್ಕ ಮಾಧ್ಯಮಗಳ ಕುರಿತೇ ಒಂದು ಪ್ರಕಟಣೆಯನ್ನು ಹೊರಡಿಸಿತು. ದೂರದ ದನಿಯನ್ನು ಹತ್ತಿರಕ್ಕೆ ತರುವ ಈ ವಿದ್ಯೆಯನ್ನು ಧರ್ಮಸಭೆ ಅಂಜಿಕೆಯಿಂದಲ್ಲ, ಗೌರವದಿಂದಲೇ ಕಂಡಿತು.

ನಮ್ಮ ಕರಾವಳಿಯಲ್ಲಿ 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದಾಗಿನಿಂದ ಕನ್ನಡ, ತುಳು, ಕೊಂಕಣಿ ದನಿಗಳು ಮನೆಯೊಳಗೂ ದಾರಿಯಲ್ಲೂ ಕೇಳಿಬಂದವು. ಸಂತ ಅಲೋಶಿಯಸ್ ಸಂಸ್ಥೆಯ 'ಸಾರಂಗ್' ಸಮುದಾಯ ಬಾನುಲಿಯೂ ಈ ಪರಂಪರೆಗೆ ಸೇರಿದೆ. ಆ ಯುವಕನ ತಂದೆ ಬೆಳಗಿನ ಪೂಜೆಗೆ ಬರುವಾಗ ಕಾರಿನಲ್ಲಿ ಆಕಾಶವಾಣಿ ಕೇಳುತ್ತಿದ್ದುದನ್ನೂ, ಗಂಟೆ ಬಾರಿಸಿದ ಮೇಲೂ ವಾರ್ತೆ ಮುಗಿಯುವವರೆಗೆ ಕಾರಿನಿಂದ ಇಳಿಯದೆ ಪತ್ನಿಯಿಂದ ಬೈಸಿಕೊಳ್ಳುತ್ತಿದ್ದುದನ್ನೂ ನಾವು ಕಂಡವರೇ.

ಈಗ ಬೀಗದ ವಿಷಯಕ್ಕೆ ಬರೋಣ. ಕಾರಿನ ಗಾಜು ಒಡೆದು ರೇಡಿಯೊ ಕದಿಯುವುದು 1980 ಮತ್ತು 90ರ ದಶಕಗಳಲ್ಲಿ ಯುರೋಪು, ಅಮೆರಿಕಗಳ ನಗರಗಳಲ್ಲಿ ದೊಡ್ಡ ಪಿಡುಗಾಗಿತ್ತು. ಅದಕ್ಕೆ ತಯಾರಕರು ಕಂಡುಕೊಂಡ ಪರಿಹಾರವೇ ಸಂಕೇತ ಸಂಖ್ಯೆ. ರೇಡಿಯೊಗೆ ನಿರಂತರವಾಗಿ ದೊರೆಯುವ ವಿದ್ಯುತ್ತು ಒಮ್ಮೆ ಕಡಿದರೆ ಸಾಕು, ಅದು ಬೀಗ ಹಾಕಿಕೊಳ್ಳುತ್ತದೆ. ಮತ್ತೆ ವಿದ್ಯುತ್ತು ಬಂದಾಗ, ಬಹುತೇಕ ಮಾದರಿಗಳಲ್ಲಿ, ನಾಲ್ಕು ಅಂಕಿಗಳನ್ನು ಕೇಳುತ್ತದೆ. ಕೆಲವು 'ಕೋಡ್' ಎನ್ನುತ್ತವೆ; ಫೋಕ್ಸ್‌ವಾಗನ್ ಬಳಗದ ಅನೇಕ ರೇಡಿಯೊಗಳು 'ಸೇಫ್' ಎನ್ನುತ್ತವೆ. ಕೆಲವು ಬಾರಿ ತಪ್ಪು ಸಂಖ್ಯೆ ಒತ್ತಿದರೆ ನಿಗದಿತ ಹೊತ್ತು ಕಾಯಬೇಕಾಗುತ್ತದೆ. ಇನ್ನೂ ಕೆಲವು ಮಾದರಿಗಳು ಹಲವು ಪ್ರಯತ್ನಗಳ ನಂತರ ಪೂರ್ತಿಯಾಗಿ ಮುಚ್ಚಿಕೊಳ್ಳುತ್ತವೆ. ಆ ಸಂಖ್ಯೆಯನ್ನು ಕಾರಿನ ಕೈಪಿಡಿಯೊಂದಿಗೆ ಪುಟ್ಟ ಚೀಟಿಯಲ್ಲಿ ಕೊಟ್ಟಿರುತ್ತಾರೆ. ಚೀಟಿ ಕಳೆದರೆ ರೇಡಿಯೊವನ್ನು ಹೊರತೆಗೆದು, ಅದರ ಮೈಮೇಲಿನ ಸರಣಿ ಸಂಖ್ಯೆಯನ್ನು ಬರೆದುಕೊಂಡು, ಮಾಲೀಕತ್ವದ ದಾಖಲೆಯೊಂದಿಗೆ ಅಧಿಕೃತ ಸೇವಾ ಕೇಂದ್ರವನ್ನು ಕೇಳಬೇಕು.

ಆದರೆ ಇಂದು ಈ ಬೀಗ ಬಹಳ ದುರ್ಬಲವಾಗಿದೆ. ಹಲವು ಮಾದರಿಗಳಲ್ಲಿ ಸರಣಿ ಸಂಖ್ಯೆಯಿಂದಲೇ ಸಂಕೇತವನ್ನು ಲೆಕ್ಕಹಾಕುವ ವಿಧಾನ ಬಹಿರಂಗವಾಗಿದೆ. ಅಂತರಜಾಲದಲ್ಲಿ ಹಣ ತೆತ್ತವರಿಗೂ ತೆರದವರಿಗೂ ಅದು ದೊರೆಯುತ್ತದೆ. ಹೀಗಾಗಿ "ನೀನು ಇದರ ಯಜಮಾನನೇ?" ಎಂದು ಯಂತ್ರವು ಕೇಳುವ ಪ್ರಶ್ನೆಗೆ ಯಜಮಾನನಲ್ಲದವನೂ ಸರಿಯುತ್ತರ ಕೊಡಬಲ್ಲನು. ಯಂತ್ರವು ಕೇಳಿ ಸೋತ ಈ ಪ್ರಶ್ನೆಯನ್ನು ಇನ್ನು ಅಂತಃಸಾಕ್ಷಿಯೇ ಕೇಳಬೇಕಾಗಿದೆ. ಸ್ವಾಧೀನ ಬೇರೆ, ಸ್ವಾಮ್ಯ ಬೇರೆ. ಕೈಯಲ್ಲಿರುವುದೆಲ್ಲ ನಮ್ಮದಲ್ಲ.

ಸಂಕೇತ ಕಳೆದುಹೋದ ರೇಡಿಯೊವೆಲ್ಲ ಕದ್ದದ್ದು ಎಂದು ನಾವು ಹೇಳುತ್ತಿಲ್ಲ. ಅಪಘಾತವಾದ ಕಾರುಗಳು ಹರಾಜಿಗೆ ಬರುತ್ತವೆ. ಆಯುಷ್ಯ ಮುಗಿದವು ಬಿಡಿಭಾಗಗಳಾಗುತ್ತವೆ. ಕೈಪಿಡಿಗಳು ಗೆದ್ದಲಿಗೆ ಆಹಾರವಾಗುತ್ತವೆ. ಗುಜರಿಯವರಲ್ಲಿ ಬಹುಮಂದಿ ಬೆವರು ಸುರಿಸಿ ದುಡಿಯುವ ಪ್ರಾಮಾಣಿಕರು. ಇದ್ದುದನ್ನು ಎಸೆದು ಹೊಸದನ್ನೇ ಕೊಳ್ಳುವ ಸಂಸ್ಕೃತಿಯನ್ನು ಜಗದ್ಗುರು ಫ್ರಾನ್ಸಿಸ್ ಅವರು 2015ರ 'ಲಾವ್ದಾತೊ ಸಿ' ವಿಶ್ವಪತ್ರದಲ್ಲಿ ಕಟುವಾಗಿ ಟೀಕಿಸಿದ್ದನ್ನು ನೆನೆದರೆ, ಹಳೆಯ ವಸ್ತುವಿಗೆ ಮರುಜೀವ ಕೊಡುವವರ ಕಸುಬು ಮಾನ್ಯವಾದುದು. ಆದ್ದರಿಂದ ನಾವು ಅವನಿಗೆ, "ನೀನು ಹೋಗಿ ಒಂದೇ ಮಾತು ಕೇಳು. ಇದು ಯಾವ ಕಾರಿನಿಂದ ಬಂತು ಎಂದು ಕೇಳು" ಎಂದೆವು.

ಮೂರನೆಯ ದಿನ ಅವನು ಮರಳಿ ಬಂದನು. ಅಂಗಡಿಯವನು ನಕ್ಕು, "ಅದೆಲ್ಲ ನಿಮಗೆ ಯಾಕೆ? ಹಾಡು ಕೇಳಬೇಕಾ, ಜಾತಕ ಕೇಳಬೇಕಾ?" ಎಂದನಂತೆ. ಚೀಟಿಯಿಲ್ಲ, ಪುಸ್ತಕದಲ್ಲಿ ನಮೂದಿಲ್ಲ. ಕದ್ದ ಮಾಲೆಂದು ತಿಳಿದೋ, ಹಾಗೆ ನಂಬಲು ಕಾರಣವಿದ್ದೋ ಅಪ್ರಾಮಾಣಿಕವಾಗಿ ಅದನ್ನು ಪಡೆಯುವುದು ನಮ್ಮ ದೇಶದ ಕಾನೂನಿನಲ್ಲಿ ಅಪರಾಧ. ಹಿಂದೆ ದಂಡಸಂಹಿತೆಯ 411ನೆಯ ಕಲಮಿನಲ್ಲಿದ್ದುದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಲ್ಲಿದೆ. ಆದರೆ ಆ ಹುಡುಗನ ಮುಖದಲ್ಲಿ ನಾವು ಕಂಡದ್ದು ಕಾನೂನಿನ ಭಯವನ್ನಲ್ಲ. "ಯಾರದೋ ಗಾಜು ಒಡೆದು ತೆಗೆದದ್ದಾಗಿದ್ದರೆ, ಅದನ್ನು ಅಪ್ಪನ ಕಾರಿನಲ್ಲಿ ಹೇಗೆ ಇಡುವುದು ಫಾದರ್?" ಎಂದನು ಅವನು. ಆಗ ನಮಗೆ ಉಪದೇಶಿಸಲು ಏನೂ ಉಳಿಯಲಿಲ್ಲ.

ನಮಗೆ ಉಳಿದದ್ದು ನಾಚಿಕೆ. ಅದನ್ನು ಇಲ್ಲಿ ಹೇಳದೆ ಹೋದರೆ ಈ ಲೇಖನ ಅಪ್ರಾಮಾಣಿಕವಾದೀತು. ಯಾಜಕ ದೀಕ್ಷೆಯಾದ ಹೊಸತರಲ್ಲಿ ಧರ್ಮಕೇಂದ್ರದ ಅಂಬಾಸಿಡರ್ ಕಾರಿಗೆಂದು ನಾವೂ ಪಾದಚಾರಿ ಮಾರ್ಗದ ವ್ಯಾಪಾರಿಯೊಬ್ಬನಿಂದ ಹಳೆಯ ರೇಡಿಯೊ ಕೊಂಡಿದ್ದೆವು. ಬೆಲೆ ಕೇಳಿದೆವು, ಮೂಲ ಕೇಳಲಿಲ್ಲ. ಅದನ್ನು ನಾವೇ ಜೋಡಿಸಿ ಸುಟ್ಟೂ ಹಾಕಿದೆವು. ಹಳೆಯ ಏರ್ಪಾಟುಗಳಲ್ಲಿ ಸ್ಪೀಕರಿನ ಒಂದು ತಂತಿಯನ್ನು ಕಾರಿನ ಲೋಹದ ಮೈಗೆ ಕೊಡುವುದು ವಾಡಿಕೆ. ನಾವು ಕೊಂಡ ರೇಡಿಯೊದ ಸ್ಪೀಕರ್ ತಂತಿಗಳಲ್ಲಿ ಒಂದನ್ನೂ ಮೈಗೆ ತಾಗಿಸಬಾರದಿತ್ತು; ಎರಡು ತಂತಿಗಳಿಗೂ ಒಳಗಿನ ವರ್ಧಕವೇ ದನಿ ಕೊಡುತ್ತಿತ್ತು. ಅದನ್ನರಿಯದೆ ಹಳೆಯ ತಂತಿಗೇ ಕಟ್ಟಿದಾಗ ಎರಡು ನಿಮಿಷ ಹಾಡಿ, ಸುಟ್ಟ ವಾಸನೆ ಬಂದು, ಅದು ಮೂಕವಾಯಿತು. ಅಂದು ನಮಗೆ ಹಣ ಹೋದದ್ದಕ್ಕೆ ದುಃಖವಾಯಿತೇ ಹೊರತು, ಆ ರೇಡಿಯೊವನ್ನು ಕಳೆದುಕೊಂಡವರು ಯಾರಾದರೂ ಇರಬಹುದೇ ಎಂಬ ಯೋಚನೆ ಬರಲಿಲ್ಲ. ಆ ಯೋಚನೆ ಬರಲು ಈ ಹುಡುಗ ಬರಬೇಕಾಯಿತು.

ಸಂತ ತೋಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ, ಎರಡನೆಯ ಭಾಗದ ಎರಡನೆಯ ವಿಭಾಗದಲ್ಲಿ, 62ನೆಯ ಪ್ರಶ್ನೆಯಡಿ ಮರಳಿಕೊಡುವಿಕೆಯ ಕುರಿತೂ 77ನೆಯ ಪ್ರಶ್ನೆಯಡಿ ಕೊಳ್ಳು-ಮಾರಾಟದ ವಂಚನೆಯ ಕುರಿತೂ ಚರ್ಚಿಸುತ್ತಾರೆ. ಕೊಳ್ಳುವವನ ಕಣ್ಣಿಗೆ ಕಾಣದ, ಅವನಿಗೆ ನಷ್ಟವನ್ನೋ ಅಪಾಯವನ್ನೋ ತರುವ ದೋಷವನ್ನು ಮಾರುವವನು ತಿಳಿಸಲೇಬೇಕು ಎಂಬುದು ಅವರ ನಿಲುವು. ಸಂಕೇತವಿಲ್ಲದ ರೇಡಿಯೊವನ್ನು ಸಂಕೇತವಿಲ್ಲವೆಂದು ಹೇಳದೆ ಮಾರುವುದು ಈ ಮಾತಿಗೆ ನೇರ ಉದಾಹರಣೆ. ಅನ್ಯಾಯವಾಗಿ ಬಂದ ವಸ್ತುವಿನ ಒಡೆಯನನ್ನು ಶ್ರದ್ಧೆಯಿಂದ ಹುಡುಕಿಯೂ ಕಂಡುಹಿಡಿಯಲಾಗದಿದ್ದರೆ ಅದರ ಮೌಲ್ಯವನ್ನು ಬಡವರಿಗೆ ನೀಡಬೇಕೆಂಬುದೂ ಅಲ್ಲಿನ ಬೋಧನೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು 2412ನೆಯ ಪರಿಚ್ಛೇದದಲ್ಲಿ ಕದ್ದುದನ್ನು ಮರಳಿಸುವ ಹೊಣೆಯನ್ನು ನ್ಯಾಯದ ಬೇಡಿಕೆಯೆಂದೇ ಹೇಳುತ್ತದೆ. ನಾವು ಅಂದು ತೆತ್ತ ಬೆಲೆಯನ್ನು ಇಂದಿನ ಲೆಕ್ಕಕ್ಕೆ ತಿರುಗಿಸಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಪೆಟ್ಟಿಗೆಗೆ ಹಾಕಿದೆವು. ತಡವಾಯಿತೆಂಬುದನ್ನು ಒಪ್ಪುತ್ತೇವೆ.

ಹುಡುಗನು ರೇಡಿಯೊವನ್ನು ಹಿಂತಿರುಗಿಸಿದನು. ಕೊಟ್ಟ ಹಣದಲ್ಲಿ ಅರ್ಧ ಮಾತ್ರ ಕೈಸೇರಿತು. ಎರಡು ತಿಂಗಳು ಕಾರು ಮೂಕವಾಗಿಯೇ ಓಡಿತು. ಮೃತರ ಸ್ಮರಣೆಯ ನವೆಂಬರ್ ತಿಂಗಳಲ್ಲಿ ಇನ್ನೊಂದು ಊರಿನ, ಹಳೆಯ ವಾಹನಗಳನ್ನು ಬಿಚ್ಚಿ ಬಿಡಿಭಾಗ ಮಾರುವ ಒಬ್ಬರಲ್ಲಿ ಅದೇ ಮಾದರಿ ಸಿಕ್ಕಿತು. ಅಪಘಾತವಾದ ಕಾರನ್ನು ಹರಾಜಿನಲ್ಲಿ ಕೊಂಡ ಕಾಗದ ಅವರಲ್ಲಿತ್ತು. ಅವರು ಬಿಲ್ಲು ಬರೆದು, ಅದರಲ್ಲಿ ರೇಡಿಯೊದ ಸರಣಿ ಸಂಖ್ಯೆಯನ್ನೂ ನಮೂದಿಸಿ ಕೊಟ್ಟರು. ಬೆಲೆ ಮೊದಲಿನದಕ್ಕಿಂತ ಹೆಚ್ಚು. ಸೇವಾ ಕೇಂದ್ರದವರು ಆ ಕಾಗದಗಳನ್ನು ನೋಡಿ ನಾಲ್ಕು ಅಂಕಿಗಳನ್ನು ಬರೆದುಕೊಟ್ಟರು.

ಸಂಕೇತ ದೊರೆತ ಮಾತ್ರಕ್ಕೆ ರೇಡಿಯೊ ಹಾಡುವುದಿಲ್ಲ. ಇಂಥ ಕೆಲಸಕ್ಕೆ ಕೈಹಾಕುವ ಓದುಗರಿಗಾಗಿ ಕೆಲವು ಮಾತುಗಳನ್ನು ಇಲ್ಲಿ ಹೇಳುತ್ತೇವೆ. ಮೊದಲನೆಯದಾಗಿ, ಬ್ಯಾಟರಿಯ ತಂತಿ ಬಿಚ್ಚುವ ಮುನ್ನ ಸಂಕೇತ ಸಂಖ್ಯೆ ಕೈಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಬಳಿಕ ಋಣ ತಂತಿಯನ್ನು ಮೊದಲು ಬಿಚ್ಚಬೇಕು. ಎರಡನೆಯದಾಗಿ, ಕಾರಿನ ವಿದ್ಯುತ್ತು ಯಾವ ಬಗೆಯದೆಂದು ಅರಿಯಬೇಕು. ತೀರ ಹಳೆಯ ಕೆಲವು ಕಾರುಗಳಲ್ಲಿ ಆರು ವೋಲ್ಟ್ ಬ್ಯಾಟರಿ ಇರುತ್ತಿತ್ತು. 1960ರ ದಶಕದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯೇ ಕಾರಿನ ಮೈಗೆ ಸೇರಿರುತ್ತಿತ್ತು. ಇಂದಿನ ರೇಡಿಯೊವನ್ನು ಅಂಥ ಕಾರಿಗೆ ನೇರವಾಗಿ ಕೂಡಿಸಿದರೆ ಅದು ಕೆಡುವುದು ಖಚಿತ.

ಮೂರನೆಯದಾಗಿ, ರೇಡಿಯೊಗೆ ಎರಡು ಕಡೆಯಿಂದ ವಿದ್ಯುತ್ತು ಬೇಕು: ನೆನಪನ್ನು ಉಳಿಸಲು ಸದಾ ಇರುವ ಒಂದು, ಕೀಲಿ ತಿರುಗಿಸಿದಾಗ ಮಾತ್ರ ಬರುವ ಇನ್ನೊಂದು. ಐ.ಎಸ್.ಒ. 10487 ಎಂಬ ಅಂತರರಾಷ್ಟ್ರೀಯ ಜೋಡಣೆಯ ಮಾನಕದಲ್ಲಿ ನಾಲ್ಕನೆಯ ಕಡ್ಡಿ ಸದಾ ವಿದ್ಯುತ್ತಿಗೂ ಏಳನೆಯದು ಕೀಲಿಯ ವಿದ್ಯುತ್ತಿಗೂ ಎಂಟನೆಯದು ಭೂತಂತಿಗೂ ಮೀಸಲು. ಆದರೆ ಯುರೋಪಿನ ಕೆಲವು ತಯಾರಕರು ನಾಲ್ಕು ಮತ್ತು ಏಳನ್ನು ಅದಲುಬದಲು ಮಾಡಿದ್ದಾರೆ. ಹಾಗಾದಾಗ ಪ್ರತಿ ಸಲ ಕೀಲಿ ತೆಗೆದಾಗ ರೇಡಿಯೊ ನೆನಪು ಕಳೆದುಕೊಂಡು ಮತ್ತೆ ಸಂಕೇತ ಕೇಳುತ್ತದೆ. ಆಗ ರೇಡಿಯೊವನ್ನು ದೂಷಿಸದೆ, ಮಲ್ಟಿಮೀಟರ್ ಹಿಡಿದು ತಂತಿಗಳನ್ನು ಅಳೆಯಬೇಕು. ತಂತಿಯ ಬಣ್ಣವನ್ನೇ ನಂಬಬಾರದು.

ನಾಲ್ಕನೆಯದಾಗಿ, ತೀರ ಈಚಿನ ಕಂಪನಿ ರೇಡಿಯೊವನ್ನು ಹಳೆಯ ಕಾರಿಗೆ ಕೂಡಿಸುವ ಆಸೆಯನ್ನು ಹತ್ತು ಬಾರಿ ಯೋಚಿಸಬೇಕು. ಹೊಸ ರೇಡಿಯೊಗಳಲ್ಲಿ ಅನೇಕವು ಕಾರಿನ ಗಣಕ ಜಾಲದಿಂದ ಬರುವ ಸಂದೇಶದಿಂದಲೇ ಏಳುತ್ತವೆ, ಮಲಗುತ್ತವೆ. ಹಳೆಯ ಕಾರಿನಲ್ಲಿ 'ಮಲಗು' ಎನ್ನುವವರಿಲ್ಲದೆ ಅವು ರಾತ್ರಿಯಿಡೀ ಎಚ್ಚರವಾಗಿದ್ದು ಬ್ಯಾಟರಿಯನ್ನು ಬರಿದುಮಾಡುವುದುಂಟು. ಐದನೆಯದಾಗಿ, ಹೊರದೇಶದಿಂದ ಬಂದ ರೇಡಿಯೊಗಳ ಅಲೆಪಟ್ಟಿಯನ್ನು ಗಮನಿಸಬೇಕು. ಜಪಾನಿನ ಒಳಮಾರುಕಟ್ಟೆಗೆಂದು ಮಾಡಿದ ಹಳೆಯ ರೇಡಿಯೊಗಳು ಎಫ್.ಎಂ.ನಲ್ಲಿ 76ರಿಂದ 90 ಮೆಗಾಹರ್ಟ್ಸ್‌ವರೆಗೆ ಮಾತ್ರ ಹಿಡಿಯುತ್ತವೆ. ನಮ್ಮ ಹೆಚ್ಚಿನ ನಿಲ್ದಾಣಗಳು ಅದಕ್ಕೂ ಮೇಲಿವೆ. ಅಮೆರಿಕದ ರೇಡಿಯೊಗಳು ಮಧ್ಯಮ ತರಂಗದಲ್ಲಿ 10 ಕಿಲೋಹರ್ಟ್ಸ್‌ಗಳ ಹೆಜ್ಜೆ ಇಡುತ್ತವೆ, ನಮ್ಮ ನಿಲ್ದಾಣಗಳು 9ರ ಹೆಜ್ಜೆಯಲ್ಲಿವೆ. ದೇಶದ ಅನೇಕ ಮಧ್ಯಮ ತರಂಗ ಪ್ರಸಾರಕಗಳು ಈಚಿನ ವರ್ಷಗಳಲ್ಲಿ ಮೌನವಾಗಿರುವುದರಿಂದ, ಎಫ್.ಎಂ. ಸರಿಯಾಗಿ ಹಿಡಿಯುವುದೇ ಈಗ ಮುಖ್ಯ.

ಆ ಶನಿವಾರ ಮಧ್ಯಾಹ್ನ ಹುಡುಗನೂ ಊರಿನ ಎಲೆಕ್ಟ್ರಿಷಿಯನ್ ಒಬ್ಬರೂ ನಾವೂ ಸೇರಿ ಅವನ ಮನೆಯಂಗಳದಲ್ಲಿ ಕಾರನ್ನು ತೆರೆದು ಕುಳಿತೆವು. ಫ್ಯೂಸು ಹೋಗಿತ್ತು, ಬದಲಿಸಿದೆವು. ಅಂಕಿಗಳನ್ನು ಒತ್ತಿದಾಗ ಬೀಗ ತೆರೆಯಿತು, ಆದರೆ ಕೇಳಿದ್ದು ಬರೀ ಕೊರಕೊರ ಸದ್ದು. ಆಂಟೆನಾ ತಂತಿಯ ತುದಿ ಮಳೆನೀರಿನಿಂದ ಹಸಿರು ಕಿಲುಬು ಹಿಡಿದಿತ್ತು. ಅದನ್ನು ಉಜ್ಜಿ, ಹೊಸ ತುದಿ ಹಾಕಿ, ಮತ್ತೆ ಕೂಡಿಸಿದಾಗ ಮಂಗಳೂರಿನ ದನಿ ಸ್ವಚ್ಛವಾಗಿ ಬಂದಿತು. ತಾಯಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು, ಮುಂದಿನ ಎಡಗಡೆಯ ಆಸನದಲ್ಲಿ, ತಾವು ಎಂದೂ ಕುಳಿತುಕೊಳ್ಳುತ್ತಿದ್ದ ಜಾಗದಲ್ಲಿ, ಕುಳಿತರು. ಯಾವುದೋ ಕೃಷಿ ಕಾರ್ಯಕ್ರಮ ನಡೆಯುತ್ತಿತ್ತು. ಅಡಕೆಗೆ ಬರುವ ಕೊಳೆರೋಗದ ಮಾತು. ಆಕೆ ಅದನ್ನು ಕೊನೆಯವರೆಗೂ ಕೇಳಿದರು. ಬಳಿಕ, "ಇನ್ನು ವಾರ್ತೆ ಮುಗಿಯಲಿ, ಆಮೇಲೆ ಚಹ ಮಾಡುತ್ತೇನೆ ಫಾದರ್" ಎಂದರು.

ಪ್ರಿಯ ಓದುಗರೇ, ಒಂದು ಮಾತು ನಮ್ಮನ್ನು ಇನ್ನೂ ಕಾಡುತ್ತಿದೆ. ಹಿಂತಿರುಗಿಸಿದ ಆ ಮೊದಲ ರೇಡಿಯೊ ಈಗ ಎಲ್ಲಿದೆ? ಅದರ ಸರಣಿ ಸಂಖ್ಯೆಯನ್ನು ಬರೆದುಕೊಂಡು ಪೊಲೀಸರ ಗಮನಕ್ಕೆ ತರಬಹುದಿತ್ತು. ಸಂಶಯ ಮಾತ್ರದಿಂದ ಒಬ್ಬನ ಹೊಟ್ಟೆಪಾಡಿಗೆ ಕಲ್ಲು ಹಾಕಬಾರದೆಂದು ನಾವು ನಮಗೇ ಸಮಾಧಾನ ಹೇಳಿಕೊಂಡೆವು. ಆ ಸಮಾಧಾನದಲ್ಲಿ ಕರುಣೆ ಎಷ್ಟಿತ್ತು, ರಗಳೆ ಬೇಡವೆಂಬ ಆಲಸ್ಯ ಎಷ್ಟಿತ್ತು ಎಂಬುದನ್ನು ದೇವರ ಮುಂದೆ ಇನ್ನೂ ವಿಂಗಡಿಸಿ ಮುಗಿದಿಲ್ಲ. ಗಿರಾಕಿಗಳೆಲ್ಲರೂ ಮೂಲ ಕೇಳತೊಡಗಿದರೆ ಮೂಲವಿಲ್ಲದ ಮಾಲಿಗೆ ಬೆಲೆಯೇ ಇರುವುದಿಲ್ಲ ಎಂಬುದಂತೂ ನಿಜ.

ಆಗಮನ ಕಾಲದಲ್ಲಿಯೋ ತಪಸ್ಸು ಕಾಲದಲ್ಲಿಯೋ ಪಾಪನಿವೇದನೆಗೆ ಸಿದ್ಧರಾಗುವಾಗ, ಏಳನೆಯ ಆಜ್ಞೆಯನ್ನು "ನಾನೇನೂ ಕದ್ದಿಲ್ಲ" ಎಂದು ದಾಟಿಬಿಡದೆ ಮನೆಯಲ್ಲಿರುವ ಅಗ್ಗದ ವಸ್ತುಗಳನ್ನು ಒಮ್ಮೆ ನೋಡೋಣ. ಕೊಳ್ಳುವಾಗ ಎಷ್ಟು ಎಂದು ಕೇಳುವ ನಾವು ಎಲ್ಲಿಂದ ಎಂದೂ ಕೇಳೋಣ. ಬಿಲ್ಲು ಬರೆಯಿಸಿಕೊಳ್ಳೋಣ. ಮಾರುವಾಗ ಕುಂದನ್ನು ಮುಚ್ಚಿಡದಿರೋಣ. ಮತ್ತು ಕಾರಿನ ಕೈಪಿಡಿಯೊಳಗಿನ ಆ ಪುಟ್ಟ ಚೀಟಿಯನ್ನು ಇಂದೇ ಹುಡುಕಿ ಭದ್ರವಾಗಿ ತೆಗೆದಿಡೋಣ. ನಮ್ಮ ನಂತರ ಆ ಕಾರನ್ನು ಓಡಿಸುವವರಿಗೆ ಅದು ಬೇಕಾದೀತು.